ಅರವತ್ತು ಎಣಿಸುವ ತನಕ

ಅಕ್ಟೋಬರ್ 1, 2014, ಬುಧವಾರ

ಆಯುಧಪೂಜೆ ಇರುವುದು ಶುಕ್ರವಾರ. ನಾಳೆಯಿಂದ ಸಾಲು ರಜೆ ಎಂದು ಕಂಪನಿಯಲ್ಲಿ ಇವತ್ತೇ ಪೂಜೆ ಮುಗಿಸಿದರು. ಲೇತ್ ಯಂತ್ರಗಳಿಗೆಲ್ಲ ಬಾಳೆಕಂದು ಕಟ್ಟಿದ್ದರು. ನಾನು ವಾಲ್ವ್ ಪರೀಕ್ಷಿಸುವ ನೀರಿನ ತೊಟ್ಟಿಗೂ ಯಾರೋ ಚೆಂಡುಹೂವಿನ ಹಾರ ಹಾಕಿದ್ದರು, ಎಸಳೆಲ್ಲ ಉದುರಿ ನೀರಿನಲ್ಲಿ ತೇಲುತ್ತಿದ್ದವು. ಒಂದೊಂದಾಗಿ ಎತ್ತಿ ಹೊರಗೆ ಹಾಕಿದೆ. ದೇವರ ಹೂವಾದರೂ ತೊಟ್ಟಿಯಲ್ಲಿ ಕಸ ಕಸವೇ.

ಪೂಜೆಯಾದ ಮೇಲೆ ಚೀಟಿ ಎತ್ತಿದರು. ಪ್ರತಿ ವರ್ಷ ಸ್ಟೀಲ್ ಡಬ್ಬಿ, ಕುಕ್ಕರ್ ಇರುತ್ತಿತ್ತು. ಈ ಸಲ ಯಜಮಾನರ ಮಗ ಹರ್ಷವರ್ಧನ್ ಹೊಸ ಬಹುಮಾನ ಸೇರಿಸಿದ್ದಾರೆ. ಅಂಡಮಾನಿಗೆ ಐದು ದಿನ, ಇಬ್ಬರಿಗೆ, ವಿಮಾನದಲ್ಲಿ. ಹದಿನೇಳು ವರ್ಷದಲ್ಲಿ ಒಂದು ಚಮಚವೂ ಬಾರದ ನನಗೆ ಅದು ಬಂತು.

"ನೀಲಾಂಬಿಕಾ ಮೇಡಂ, ಯಾರನ್ನ ಕರ್ಕೊಂಡ್ ಹೋಗ್ತೀರಾ?" ಎಂದು ಮೈಕಿನಲ್ಲೇ ಕೇಳಿದರು.

"ನೋಡ್ತೀನಿ ಸಾರ್" ಅಂದೆ. ಎಲ್ಲರೂ ಚಪ್ಪಾಳೆ ತಟ್ಟಿದರು. ಸಿಹಿ ಪೊಟ್ಟಣ ಹಿಡಿದು ರೂಮಿಗೆ ಬಂದೆ. ಬೀಗ ತೆಗೆಯುವಾಗ ಮೇಲೆ ಮೆಟ್ರೊ ಹೋಯಿತು.

ಅಕ್ಟೋಬರ್ 5, ಭಾನುವಾರ

ಪ್ರವಾಸದ ಏಜೆಂಟ್ ಒಂದು ಫಾರಂ ಕಳಿಸಿದ್ದಾನೆ. ಸಮುದ್ರದೊಳಗಿನ ಮೀನು, ಹವಳ ನೋಡುವುದಕ್ಕೆ ಮೂರು ಬಗೆಯಂತೆ, ಒಂದಕ್ಕೆ ಗುರುತು ಹಾಕಬೇಕು. ಇಪ್ಪತ್ತನೇ ತಾರೀಕು ಕಡೆಯ ದಿನ.

ಮೊದಲನೆಯದು ಗಾಜಿನ ತಳದ ದೋಣಿ. ಮೈ ನೆನೆಯುವುದಿಲ್ಲ, ಕೂತು ಬಗ್ಗಿ ನೋಡಿದರೆ ಸಾಕು. ಎರಡನೆಯದು ಸ್ನಾರ್ಕೆಲಿಂಗ್. ಮುಖಕ್ಕೆ ಮಾಸ್ಕ್, ಬಾಯಿಗೆ ಉಸಿರಿನ ನಳಿಗೆ, ಕೈಗೆ ರಬ್ಬರ್ ಟ್ಯೂಬ್, ಜೊತೆಗೆ ಗೈಡ್, ದಡದ ಹತ್ತಿರವೇ ಅರ್ಧ ಗಂಟೆ. ಮೂರನೆಯದೂ ಸ್ನಾರ್ಕೆಲಿಂಗೇ, ಆದರೆ ದೋಣಿಯಲ್ಲಿ ದೂರದ ಹವಳದ ದಿಬ್ಬಕ್ಕೆ, ಇಡೀ ದಿನ. ಅದಕ್ಕೆ ಜೋಡಿಯಾಗಿಯೇ ಬರಬೇಕು. ನೀರಿನಲ್ಲಿ ಒಬ್ಬರ ಮೇಲೆ ಒಬ್ಬರು ಕಣ್ಣಿಟ್ಟಿರಬೇಕು. ಒಂಟಿಯಾಗಿ ಬಂದವರಿಗೆ ಇಲ್ಲ ಎಂದು ದಪ್ಪ ಅಕ್ಷರದಲ್ಲಿ ಹಾಕಿದ್ದಾನೆ.

ಅದರಲ್ಲಿ ಎರಡು ಹೆಸರಿಗೆ ಜಾಗವಿದೆ. ಮೊದಲ ಜಾಗದಲ್ಲಿ ಪೆನ್ನಿನಿಂದ ನನ್ನ ಹೆಸರು ಬರೆದೆ. ಎರಡನೇ ಜಾಗದಲ್ಲಿ ಪೆನ್ಸಿಲಿನಿಂದ ಮಹಾನಂದಾ ಎಂದು ಬರೆದೆ.

ಹನ್ನೊಂದು ವರ್ಷ ಅವಳು ತೊಟ್ಟಿಯ ಆ ಕಡೆ, ನಾನು ಈ ಕಡೆ. ರೂಮೂ ಒಂದೇ, ಒಲೆಯೂ ಒಂದೇ. ವಾಲ್ವನ್ನು, ಅದರ ಬಾಯಿ ಮುಚ್ಚಿ ಹಿಡಿಯುವ ರಬ್ಬರ್ ಪ್ಯಾಡಿನ ಫಿಕ್ಸ್ಚರಿನಲ್ಲಿ ಬಿಗಿದು, ಗಾಳಿ ತುಂಬಿ, ನೀರಿನಲ್ಲಿ ಮುಳುಗಿಸಿ ಅರವತ್ತು ಎಣಿಸುವುದು. ಗುಳ್ಳೆ ಎದ್ದರೆ ಕೆಂಪು ಬಣ್ಣ, ಇಲ್ಲದಿದ್ದರೆ ಹಸಿರು. "ಇಷ್ಟು ವರ್ಷ ಬರೇ ನೀರು ನೋಡೀವಿ. ಇದರೊಳಗ ಎರಡು ಮೀನಾರ ಬಿಟ್ಟಿದ್ರ ಏನಾಗ್ತಿತ್ತು?" ಎನ್ನುತ್ತಿದ್ದಳು.

ಎರಡು ವರ್ಷದಿಂದ ಮಾತಿಲ್ಲ. ಅವಳ ತಮ್ಮ ಸಿದ್ರಾಮ ಊರಿಂದ ಬಂದು ನಮ್ಮಲ್ಲೇ ಲೇತಿಗೆ ಸೇರಿದ್ದ. ಮೂರನೇ ತಿಂಗಳಲ್ಲಿ ಅವನು ಮಾಡಿದ ನೂರ ನಲವತ್ತು ವಾಲ್ವ್ ಪೂರ್ತಿ ಸೋರಿದವು. ನಾನು ಕೆಂಪು ಹಚ್ಚಿದೆ, ಅವನನ್ನು ತೆಗೆದರು. ಮರುದಿನ ಇವಳೂ ಕೆಲಸ ಬಿಟ್ಟಳು, ಟ್ರಂಕು ಎತ್ತಿಕೊಂಡು ಹೋದಳು. ನನ್ನ ಸ್ವಂತ ತಮ್ಮನಾಗಿದ್ದರೂ ನಾನು ಕೆಂಪೇ ಹಚ್ಚುತ್ತಿದ್ದೆ. ಕೆಲಸ ಎಂದರೆ ಕೆಲಸ. ಅವಳೇ ಬಂದು ಒಂದು ಮಾತು ಆಡಿದರೆ ನಾನೇನು ಬೇಡ ಅನ್ನುವವಳಲ್ಲ.

ಅಕ್ಟೋಬರ್ 9, ಗುರುವಾರ

ಎಲ್ಲರೂ ಒಂದೊಂದು ಸಲಹೆ ಕೊಡುತ್ತಿದ್ದಾರೆ. ಸ್ಟೋರ್ಸಿನ ಇರಣ್ಣನವರು ಫೋನಿನಲ್ಲಿ ಫೋಟೊ ತೆಗೆಯಲಿಕ್ಕೆ ಗಾಜಿನ ದೋಣಿಯೇ ವಾಸಿ ಎಂದರು. ಅವರಿಗೆ ನೋಡುವುದಕ್ಕಿಂತ ತೋರಿಸುವುದರ ಮೇಲೆ ಗಮನ. ಮನೆ ಒಡತಿ ಚಿಕ್ಕಮುನಿಯಮ್ಮ ಫಾರಂ ತಿರುವಿ ತಿರುವಿ ನೋಡಿ, "ಎಣ್ಣೆಂಗ್ಸು ಒಬ್ಳೇ ನೀರಿಗಿಳೀತೀನಿ ಅಂತೀಯಲ್ಲವ್ವಾ, ನಿಂಗೇನು ಬುದ್ಧಿ ಐತಾ ಇಲ್ವಾ?" ಎಂದು ಬೈದರು.

ಒಬ್ಬಳೇ ಎಂದು ನಾನು ಹೇಳಿರಲೇ ಇಲ್ಲ. ಅವರೇ ಅಂದುಕೊಂಡರು.

ಅಕ್ಟೋಬರ್ 12, ಭಾನುವಾರ

ಬಚ್ಚಲಲ್ಲಿ ಬಕೆಟ್ ತುಂಬಿಸಿ ಮುಖ ಮುಳುಗಿಸಿದೆ. ಹದಿನೆಂಟು ಎಣಿಸುವಷ್ಟರಲ್ಲಿ ಎದ್ದೆ. ಎರಡನೇ ಸಲ ಇಪ್ಪತ್ತಾರು. ಮೂರನೇ ಸಲ ಮುಳುಗಿಸಿದ್ದಾಗ ಚಿಕ್ಕಮುನಿಯಮ್ಮ ಬಾಗಿಲು ತಳ್ಳಿಕೊಂಡು ಬಂದು ಜುಟ್ಟು ಹಿಡಿದು ಮೇಲೆತ್ತಿದರು. ನಾನು ಸಾಯಲು ಹೊರಟಿದ್ದೇನೆ ಅಂದುಕೊಂಡಿದ್ದರು.

"ಅಂಗೇನಿಲ್ಲ ಅಂದ್ರೆ ಅಂಗ್ಯಾಕೆ ಮಾಡ್ದೆ?" ಎಂದು ನನ್ನ ಒದ್ದೆ ತಲೆಯನ್ನು ತಮ್ಮ ಸೆರಗಿನಲ್ಲೇ ಒರೆಸಿದರು. ಇಬ್ಬರೂ ನಕ್ಕೆವು. ಆಮೇಲೆ ಅವರು ಹೋದರು. ಯಾರಾದರೂ ನನ್ನ ತಲೆ ಮುಟ್ಟಿ ಎಷ್ಟು ದಿನವಾಯಿತು ಎಂದು ಲೆಕ್ಕ ಹಾಕಿದೆ. ಹಾಕಬಾರದಿತ್ತು.

ಅಕ್ಟೋಬರ್ 14, ಮಂಗಳವಾರ

ಹೊಸ ಹುಡುಗಿ ದಿವ್ಯಾಗೆ ತೊಟ್ಟಿಯ ಕೆಲಸ ಕಲಿಸುತ್ತಿದ್ದೇನೆ. ಡಿಪ್ಲೊಮಾ ಓದಿದ್ದಾಳೆ, ಆದರೆ ಮೂವತ್ತಕ್ಕೇ ಎಣಿಸುವುದು ನಿಲ್ಲಿಸುತ್ತಾಳೆ. ಎರಡು ಮಾತು ಹೇಳಿದೆ. ಒಂದು, ಅರವತ್ತು ಅಂದರೆ ಅರವತ್ತು. ಇನ್ನೊಂದು, ಸಾಲಾಗಿ ಎಲ್ಲ ಪೀಸೂ ಒಂದೇ ಕಡೆ ಸೋರಿದರೆ ಪೀಸನ್ನು ಬೈಯಬೇಡ, ಮೊದಲು ಫಿಕ್ಸ್ಚರ್ ಬಿಚ್ಚಿ ರಬ್ಬರ್ ಪ್ಯಾಡಿನ ಕೆಳಗೆ ಏನಾದರೂ ಸಿಕ್ಕಿಕೊಂಡಿದೆಯಾ ನೋಡು. ಒರೆಸುವ ಬಟ್ಟೆಯ ಒಂದು ದಾರ ಸಾಕು.

ಕೆಟ್ಟ ಪೀಸು ಹೇಗಿರುತ್ತದೆ ಎಂದು ತೋರಿಸಲು ಕಪಾಟಿನಲ್ಲಿ ಇಟ್ಟಿರುವ ಮಾದರಿಯನ್ನು ಅವಳ ಕೈಗೆ ಕೊಟ್ಟೆ. ಸಿದ್ರಾಮನ ಲಾಟಿನದು, ಅವನು ಮಾಡಿದ ಆ ನೂರ ನಲವತ್ತರಲ್ಲೊಂದು. ಉಳಿದ ನೂರ ಮೂವತ್ತೊಂಬತ್ತು ಅವತ್ತೇ ಕರಗಿಸಲು ಹೋದವು.

"ನೋಡೋಕೆ ಚೆನ್ನಾಗೇ ಇದೆಯಲ್ಲ ಮೇಡಂ?" ಅಂದಳು.

"ನೋಡೋಕೆ ಎಲ್ಲಾ ಚೆನ್ನಾಗೇ ಇರುತ್ತೆ" ಅಂದೆ.

ಅಕ್ಟೋಬರ್ 19, ಭಾನುವಾರ

ಅಂದ್ರಹಳ್ಳಿಗೆ ಹೋಗಿದ್ದೆ. ತರಕಾರಿಗೆ ಎಂದು ಹೊರಟವಳು ಬಸ್ಸು ಹತ್ತಿಬಿಟ್ಟೆ. ಮಹಾನಂದಾ ಅಲ್ಲಿ ಬಾಡಿಗೆಗಿದ್ದಾಳೆ, ಗಾರ್ಮೆಂಟ್ಸಿಗೆ ಹೋಗುತ್ತಾಳೆ ಎಂದು ಗೊತ್ತಿತ್ತು. ಬ್ಯಾಗಿನಲ್ಲಿ ಫಾರಂ ಇತ್ತು.

ಬೀದಿಯ ತುದಿಯಿಂದಲೇ ಕಂಡಳು. ಮನೆ ಮುಂದೆ ಕೂತು ಯಾರದೋ ಮಗುವಿಗೆ ತಲೆ ಬಾಚುತ್ತಿದ್ದಳು. ಸ್ವಲ್ಪ ದಪ್ಪಗಾಗಿದ್ದಾಳೆ. ಸಿದ್ರಾಮ ವಾಚ್‌ಮನ್ನರ ನೀಲಿ ಅಂಗಿ ಹಾಕಿಕೊಂಡು ಹೊರಬಂದು ಸೈಕಲ್ ಹತ್ತಿ ಹೋದ. ಲೇತಿನ ಮೇಲೆ ಅಂಥ ಚುರುಕು ಕೈ ಇದ್ದವನು ಯಾವುದೋ ಅಪಾರ್ಟ್‌ಮೆಂಟಿನ ಗೇಟು ತೆಗೆಯುತ್ತಿದ್ದಾನೆ.

ಕಿರಾಣಿ ಅಂಗಡಿ ಮುಂದೆ ಹತ್ತು ನಿಮಿಷ ನಿಂತಿದ್ದೆ. ಅವಳು ತಲೆ ಎತ್ತಿದಳು. ನೋಡಿದಳೋ ಇಲ್ಲವೋ ತಿಳಿಯಲಿಲ್ಲ. ಬಾ ಅನ್ನಲಿಲ್ಲ. ನಾನ್ಯಾಕೆ ಮೊದಲು ಹೋಗಬೇಕು? ತಪ್ಪು ಮಾಡಿದ್ದು ಅವಳ ತಮ್ಮ.

ತರಕಾರಿ ತರುವುದನ್ನು ಮರೆತೆ.

ಅಕ್ಟೋಬರ್ 20, ಸೋಮವಾರ

ಪೆನ್ಸಿಲಿನ ಹೆಸರು ಅಳಿಸಿದೆ. ಗಾಜಿನ ದೋಣಿಗೆ ಗುರುತು ಹಾಕಿ ಕೊಟ್ಟೆ. ಎರಡನೇ ಟಿಕೆಟ್ ಬೇಡ ಎಂದು ಬರೆದೆ.

ಡಿಸೆಂಬರ್ 8, ಸೋಮವಾರ, ಪೋರ್ಟ್ ಬ್ಲೇರ್

ವಿಮಾನದಲ್ಲಿ ಪಕ್ಕದ ಸೀಟಿನ ಮದುಮಗಳು ದಾರಿಯುದ್ದಕ್ಕೂ ಗಂಡನ ಭುಜದ ಮೇಲೆ ಮಲಗಿದ್ದಳು. ಏಳು ಸಲ ನನ್ನ ಮೊಣಕೈಗೆ ಅವಳ ಬಳೆ ತಾಗಿತು. ಹೋಟೆಲಿನವನು ನನ್ನ ಹಿಂದೆ ಮುಂದೆ ನೋಡಿ, ಸಾಹೇಬರು ಬರಲಿಲ್ಲವಾ ಎಂದು ಹಿಂದಿಯಲ್ಲಿ ಕೇಳಿದ. ಇಲ್ಲ ಅಂದೆ. ಹಾಸಿಗೆಯ ಮೇಲೆ ಟವೆಲನ್ನು ಎರಡು ಹಂಸಗಳಂತೆ ಮಡಚಿಟ್ಟಿದ್ದಾರೆ. ಬಿಚ್ಚಲು ಮನಸ್ಸಾಗದೆ ಸೀರೆಯಿಂದಲೇ ಮುಖ ಒರೆಸಿಕೊಂಡೆ.

ಸಮುದ್ರ ಬಹಳ ದೊಡ್ಡದಿದೆ. ನಲವತ್ತೈದನೇ ವಯಸ್ಸಿನಲ್ಲಿ ಮೊದಲ ಸಲ ನೋಡಿದವಳು ಇನ್ನೇನು ಬರೆಯಲಿ.

ಡಿಸೆಂಬರ್ 10, ಬುಧವಾರ, ಹ್ಯಾವ್‌ಲಾಕ್ ದ್ವೀಪ

ಗಾಜಿನ ದೋಣಿಗೆ ಹೋಗಿ ಬಂದೆ. ಅದಕ್ಕೆ ದೋಣಿ ಎನ್ನಬಹುದು, ಗಾಜು ಎನ್ನಲಾರೆ. ತಳದಲ್ಲಿ ಒಂದು ಕಿಟಕಿಯಷ್ಟು ಜಾಗ, ಅದರ ತುಂಬ ಗೀರು, ಮೂಲೆಯಲ್ಲಿ ಪಾಚಿ. ನಮ್ಮಲ್ಲಿ ಇಂಥದು ಬಂದಿದ್ದರೆ ನಾನು ಗೇಟಿನಿಂದಲೇ ವಾಪಸು ಕಳಿಸುತ್ತಿದ್ದೆ. ಹತ್ತು ಜನ ತಲೆ ತೂರಿಸಿದ್ದರು. ಹಳದಿಯದೊಂದು ಬಾಲ ಕಂಡಂತಾಯಿತು. ಅಷ್ಟರಲ್ಲಿ ಯಾರದೋ ಫೋನು ಅಡ್ಡ ಬಂತು.

ಹದಿನೇಳು ವರ್ಷ ನೀರನ್ನು ಮೇಲಿಂದ ನೋಡಿದ್ದಾಯಿತು. ಇಲ್ಲಿಗೆ ಬಂದೂ ಮೇಲಿಂದಲೇ ನೋಡಬೇಕೇ ಎಂದು ಸಿಟ್ಟು ಬಂತು. ನೇರ ಏಜೆಂಟಿನ ಮೇಜಿಗೆ ಹೋಗಿ, "ನಾಳೆ ಎರಡನೆಯದು ಕೊಡಿ, ಟ್ಯೂಬ್ ಹಿಡ್ಕೊಂಡು ಇಳಿಯೋದು" ಅಂದೆ. ನೀವೊಬ್ಬರೇನಾ ಎಂದು ಕೇಳಿದ. ಹೌದು, ಒಬ್ಬಳೇ ಅಂದೆ. ಅಕ್ಕಪಕ್ಕದವರೆಲ್ಲ ಕೇಳುವಷ್ಟು ಜೋರಾಗಿಯೇ ಹೇಳಿದೆ ಅನ್ನಿಸುತ್ತದೆ.

ಡಿಸೆಂಬರ್ 11, ಗುರುವಾರ

ಮಧ್ಯಾಹ್ನದ ಊಟ ಬಿಟ್ಟು ಬರೆಯುತ್ತಿದ್ದೇನೆ. ನಡೆದದ್ದು ನಡೆದ ಹಾಗೆ ಬರೆಯಬೇಕು.

ಗೈಡಿನ ಹೆಸರು ನಲ್ಲಪ್ಪ. ಅರವತ್ತರ ಹತ್ತಿರದ ಮನುಷ್ಯ, ಅವನ ಅಪ್ಪ ತಮಿಳುನಾಡಿನಿಂದ ಬಂದು ಇಲ್ಲಿ ನೆಲೆಯಾದವನಂತೆ. ತಮಿಳರೂ ದುಡಿಯುವ ಪೀಣ್ಯದ ಕಾರ್ಖಾನೆಗಳ ನಡುವೆ ಇಷ್ಟು ವರ್ಷ ಇದ್ದವಳಿಗೆ ತಮಿಳೇನು ಕಷ್ಟ. ಸೊಂಟದ ನೀರಿನಲ್ಲಿ ನಿಲ್ಲಿಸಿ ಮಾಸ್ಕ್ ಕೊಟ್ಟ. ಹಾಕಿಕೊಂಡು ಮುಖ ಮುಳುಗಿಸಿದೆ, ಬಲ ಕಪಾಳದ ಹತ್ತಿರ ನೀರು ಬಂತು.

"ಇದು ಸೋರುತ್ತೆ, ಬೇರೆ ಕೊಡಿ" ಅಂದೆ. ಕೊಟ್ಟ. ಅದೂ ಸೋರಿತು. ಮೂರನೆಯದೂ ಸೋರಿತು. ನನಗೆ ರೇಗಿತು. ಇದೇ ಕೆಲಸ ಮಾಡಿ ಬದುಕಿದವಳು ನಾನು, ಸೋರುವ ಮಾಲು ಇಟ್ಟುಕೊಂಡು ಜನರನ್ನು ನೀರಿಗೆ ಇಳಿಸುತ್ತೀರಲ್ಲ, ಎಲ್ಲಾ ತೆಗೆದು ಬಿಸಾಕಿ ಎಂದು ಕೂಗಾಡಿದೆ.

ಅವನು ಕೋಪ ಮಾಡಿಕೊಳ್ಳಲಿಲ್ಲ. "ಮೂರರಲ್ಲೂ ಎಲ್ಲಿ ಬಂತಮ್ಮಾ ನೀರು?" ಎಂದು ಕೇಳಿದ.

ಬಲಗಡೆ, ಕಿವಿಯ ಮುಂದೆ ಎಂದು ತೋರಿಸಿದೆ.

"ಮೂರೂ ಒಂದೇ ಕಡೆ ಸೋರಿದ್ರೆ ಮಾಸ್ಕ್ ನೋಡಬಾರದು, ಮುಖ ನೋಡಬೇಕು" ಎಂದು ಹತ್ತಿರ ಬಂದು, ನನ್ನ ಕಪಾಳದ ಮೇಲಿದ್ದ ಒಂದೆಳೆ ಕೂದಲನ್ನು ಬೆರಳಿನಿಂದ ಹಿಂದಕ್ಕೆ ಸರಿಸಿದ. ನಾನು ಮೊದಲು ಬಿಸಾಕಿದ ಮಾಸ್ಕನ್ನೇ ಮತ್ತೆ ಹಾಕಿದ. ಒಂದು ಹನಿಯೂ ಬರಲಿಲ್ಲ.

ಆಮೇಲೆ ಟ್ಯೂಬ್ ಹಿಡಿದು ತೇಲಿದೆ, ನಲ್ಲಪ್ಪ ಮುಂದೆ ಅದರ ಹಗ್ಗ ಎಳೆಯುತ್ತಿದ್ದ. ಕೆಳಗೆ ಮೀನುಗಳಿದ್ದವು. ಇಳಕಲ್ ಸೀರೆಯ ಸೆರಗಿನ ಕೆಂಪು ಪಟ್ಟೆಯವು, ಅರಿಸಿನ ಬಣ್ಣದವು, ನನ್ನ ಹೆಬ್ಬೆರಳಿಗಿಂತ ಸಣ್ಣ ನೀಲಿಯವು ನೂರಾರು. ಹವಳದ ಸಂದಿಯಿಂದ ಒಂದು ಹೊರಬಂದು ನನ್ನನ್ನು ದಿಟ್ಟಿಸಿ ಒಳಗೆ ಹೋಯಿತು. ಅಭ್ಯಾಸಬಲ, ಎಣಿಸತೊಡಗಿದ್ದೆ. "ಏ, ಇಲ್ನೋಡು" ಎಂದು ಪಕ್ಕಕ್ಕೆ ತಿರುಗಿದೆ. ಬಾಯಲ್ಲಿ ನಳಿಗೆ ಇತ್ತು, ಪಕ್ಕದಲ್ಲಿ ಯಾರೂ ಇರಲಿಲ್ಲ. ಅಲ್ಲಿಗೆ ಎಣಿಕೆ ತಪ್ಪಿತು.

ದಡಕ್ಕೆ ಬಂದು ಮಾಸ್ಕನ್ನೂ ಬಿಚ್ಚದೆ ಮರಳಿನಲ್ಲಿ ಕೂತುಬಿಟ್ಟೆ. ಸುಸ್ತಾಯಿತು ಅಂತ ನಲ್ಲಪ್ಪ ಅಂದುಕೊಂಡ, ಎಳನೀರು ತಂದುಕೊಟ್ಟ. ಸುಸ್ತಲ್ಲ. ಮೂರೂ ಒಂದೇ ಕಡೆ, ನಾನೇ ದಿವ್ಯಾಗೆ ಹೇಳಿಕೊಟ್ಟ ಮಾತು.

ಡಿಸೆಂಬರ್ 12, ಶುಕ್ರವಾರ

ಸಿದ್ರಾಮನ ಲಾಟಿಗೆ ಕಟ್ಟಿದ ಚೀಟಿಯಲ್ಲಿ ನಾನೇ ಬರೆದಿದ್ದೆ: ಸೋರಿಕೆ ಎಡ ಮೂಲೆ, ನೂರ ನಲವತ್ತೂ.

ಡಿಸೆಂಬರ್ 15, ಸೋಮವಾರ

ಬೆಳಿಗ್ಗೆ ಎಲ್ಲರಿಗಿಂತ ಮುಂಚೆ ಹೋದೆ. ಫಿಕ್ಸ್ಚರ್ ಬಿಚ್ಚಿ, ಪ್ಯಾಡ್ ತೊಳೆದು, ಬೆರಳಾಡಿಸಿ ನೋಡಿ ಮತ್ತೆ ಬಿಗಿದೆ. ಕಪಾಟಿನಿಂದ ಕೆಂಪು ಬಣ್ಣದ ಮಾದರಿ ತೆಗೆದು, ಗಾಳಿ ತುಂಬಿ ಮುಳುಗಿಸಿದೆ.

ಅರವತ್ತು ಎಣಿಸಿದೆ. ಗುಳ್ಳೆ ಏಳಲಿಲ್ಲ. ಇನ್ನೊಂದು ಅರವತ್ತು. ಎತ್ತಿ, ತಿರುಗಿಸಿ ಬಿಗಿದು, ಇನ್ನೊಂದು. ದಿವ್ಯಾ ಬಂದು ಪಕ್ಕದಲ್ಲಿ ನಿಂತಿದ್ದು ಗೊತ್ತಾಗಲಿಲ್ಲ. "ಇದು ಒಳ್ಳೆ ಪೀಸಲ್ವಾ ಮೇಡಂ?" ಅಂದಳು. ಹೌದಮ್ಮ ಅಂದೆ. ಕುರ್ಚಿ ಎಳೆದುಕೊಟ್ಟಳು.

ಸಿದ್ರಾಮನ ಲಾಟ್ ಸೋರಿದ ದಿನ ಫಿಕ್ಸ್ಚರ್ ಯಾಕೆ ಬಿಚ್ಚಲಿಲ್ಲ ಎಂದು ಇಡೀ ದಿನ ಕೇಳಿಕೊಂಡೆ. ಉತ್ತರ ಗೊತ್ತಿದೆ. ಅವತ್ತು ಬೆಳಿಗ್ಗೆ ಚಹಾ ಸೋಸುತ್ತಾ ಮಹಾನಂದಾ, "ತಮ್ಮ ಬಂದಾನಲ್ಲ, ಬ್ಯಾರೆ ಮನಿ ನೋಡೀವಿ, ಮುಂದಿನ ತಿಂಗಳು ಹೊಂಟೀನಿ" ಅಂದಿದ್ದಳು. ನಾನು ಆಗಲಿ ಅಂದಿದ್ದೆ. ತೊಟ್ಟಿಯಲ್ಲಿ ಗುಳ್ಳೆ ಎದ್ದಾಗ ನನಗೆ ಸಂತೋಷವಾಗಿತ್ತು. ಇದನ್ನು ಬರೆಯದೆ ಬಿಟ್ಟರೆ ಇಷ್ಟು ವರ್ಷ ಬರೆದದ್ದೆಲ್ಲ ಸುಳ್ಳು.

ಪ್ರವಾಸ ಹೇಗಿತ್ತು ಎಂದು ಎಲ್ಲರೂ ಕೇಳಿದರು. ಹೋಟೆಲ್ ಹೇಗಿತ್ತು, ವಿಮಾನದಲ್ಲಿ ತಿನ್ನಲು ಏನು ಕೊಟ್ಟರು. ಮೀನಿನ ಬಗ್ಗೆ ಯಾರೂ ಕೇಳಲಿಲ್ಲ.

ಡಿಸೆಂಬರ್ 16, ಮಂಗಳವಾರ

ಹರ್ಷವರ್ಧನ್ ಅವರಿಗೆ ಹೇಳಿದೆ. ಪೀಸನ್ನು ಮೇಜಿನ ಮೇಲಿಟ್ಟು, ನಿಂತುಕೊಂಡೇ ಹೇಳಿದೆ.

"ಎರಡು ವರ್ಷ ಆಯ್ತಲ್ಲ ಮೇಡಂ, ಈಗ್ಯಾಕೆ ಬಿಡಿ. ಯಾರಿಗೂ ಗೊತ್ತಿಲ್ಲ" ಅಂದರು.

"ನನಗೆ ಗೊತ್ತಾಯ್ತಲ್ಲ ಸಾರ್" ಅಂದೆ. ಲಾಟ್ ತಪ್ಪಾಗಿ ತಿರಸ್ಕೃತವಾಗಿದೆ, ತಪ್ಪು ಪರೀಕ್ಷಕಿಯದು ಎಂದು ರಿಜಿಸ್ಟರಿನಲ್ಲಿ ಬರೆದು ಸಹಿ ಹಾಕಿದೆ. ಅವರು ಅದನ್ನು ಎರಡು ಸಲ ಓದಿದರು. ನನ್ನ ಕೆಂಪು ಬಣ್ಣವನ್ನು ಇಲ್ಲಿ ಯಾರೂ ಎರಡನೇ ಸಲ ಪರೀಕ್ಷಿಸಿದವರಲ್ಲ. ನಾಳೆಯಿಂದ ಪರೀಕ್ಷಿಸುತ್ತಾರೆ. ಮಾಡಲಿ.

"ಅವನಿಗೆ ಬರೋಕೆ ಇಷ್ಟ ಇದ್ರೆ ಕಳಿಸಿ, ನೋಡೋಣ" ಅಂದರು ಕಡೆಗೆ.

ಡಿಸೆಂಬರ್ 21, ಭಾನುವಾರ

ಅಂದ್ರಹಳ್ಳಿಗೆ ಹೋದೆ. ಈ ಸಲ ಕಿರಾಣಿ ಅಂಗಡಿ ಮುಂದೆ ನಿಲ್ಲಲಿಲ್ಲ.

ಮಹಾನಂದಾ ಹೊರಗೆ ಮೊರ ಇಟ್ಟುಕೊಂಡು ಅವರೆಕಾಯಿ ಸುಲಿಯುತ್ತಿದ್ದಳು. ಸಿದ್ರಾಮ ನೀಲಿ ಅಂಗಿಯ ಗುಂಡಿ ಹಾಕಿಕೊಳ್ಳುತ್ತಿದ್ದವನು ನನ್ನನ್ನು ನೋಡಿ ಒಳಗೆ ಸರಿಯಹೋದ. "ನಿಂದರಪಾ" ಅಂದೆ. ಪೀಸನ್ನು ಅವನ ಕೈಗೆ ಕೊಟ್ಟೆ.

"ನಿನ್ನ ಲಾಟ್ ಸರಿ ಇತ್ತು. ಪ್ಯಾಡಿನ ಕೆಳಗ ದಾರ ಇತ್ತೋ ಏನೋ, ನಾ ಬಿಚ್ಚಿ ನೋಡ್ಲಿಲ್ಲ. ತಪ್ಪು ನಂದು. ಕಂಪನ್ಯಾಗ ಬರದು ಕೊಟ್ಟೀನಿ. ಬಂದ್ರ ಬಾ ಅಂದಾರ."

ಅವನು ಅದನ್ನು ತಿರುಗಿಸಿ ತಿರುಗಿಸಿ ನೋಡಿದ. ಉಗುರಿನಿಂದ ಕೆಂಪು ಬಣ್ಣ ಕೆರೆದ.

"ಅಂದ್ರ ನನ್ನ ಕೈ ಕೆಟ್ಟಿರಲಿಲ್ಲೇನ್ರಿ, ಅಕ್ಕಾರ?"

"ಇಲ್ಲ."

"ನಾ ಕೆಟ್ಟೈತಿ ಅಂತನ ತಿಳ್ಕೊಂಡಿದ್ನಿ. ಆಮ್ಯಾಲೆ ಎರಡು ಕಡೆ ಲೇತಿಗೆ ಕರದ್ರು. ಹೋಗ್ಲಿಲ್ಲ." ಅವನು ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು. ಬರುತ್ತೇನೆಂದೂ ಹೇಳಲಿಲ್ಲ, ಬರುವುದಿಲ್ಲವೆಂದೂ ಹೇಳಲಿಲ್ಲ. ಪೀಸನ್ನು ಪ್ಯಾಂಟಿನ ಜೇಬಿಗೆ ಹಾಕಿಕೊಂಡು ಸೈಕಲ್ ಹತ್ತಿ ಡ್ಯೂಟಿಗೆ ಹೋದ.

ಮಹಾನಂದಾ ತಲೆ ಎತ್ತದೆ ಕೇಳಿದಳು. "ಮಂದಿಗೆಲ್ಲಾ ಬಿಚ್ಚಿ ನೋಡ್ರಿ ಅಂತ ಹೇಳಾಕಿ, ನೀ ಯಾಕ ನೋಡ್ಲಿಲ್ಲ?"

"ನೀ ರೂಮ್ ಬಿಟ್ಟು ಹೊಂಟಿದ್ದಿ. ಅದಕ."

ಅವಳ ಕೈಯಲ್ಲಿದ್ದ ಕಾಯಿ ಹಾಗೇ ಉಳಿಯಿತು. ನಾನು ಹೊರಡಲು ತಿರುಗಿ ಎರಡು ಹೆಜ್ಜೆ ಇಟ್ಟಿದ್ದೆ.

"ಅಂಡಮಾನಿಗೆ ಹೋಗಿದ್ದಿ ಅಂತ. ಇರಣ್ಣಾರು ಸಂತ್ಯಾಗ ಸಿಕ್ಕಾಗ ಹೇಳಿದ್ರು."

"ಹೋಗಿದ್ದೆ."

"ನೀರಾಗ ಇಳದಿದ್ದೇನು? ಒಬ್ಬಾಕಿನ?"

"ಒಬ್ಬಾಕಿನ ಇಳದಿದ್ದೆ."

ಅವಳು ಕೈಯಲ್ಲಿದ್ದ ಕಾಯಿ ಸುಲಿದಳು. "ನಿನ್ನ ಮ್ಯಾಲಿನ ಸಿಟ್ಟೇನು ಹೋಗಿಲ್ಲ ಮತ್ತ" ಅಂದಳು. ಆಮೇಲೆ ಮೊರವನ್ನು ಸ್ವಲ್ಪ ಈಚೆಗೆ ತಳ್ಳಿದಳು. "ಮೀನು ಹ್ಯಾಂಗಿದ್ದವು, ಅದನ್ನ ಹೇಳು."

ಕೂತೆ. ಕೆಂಪು ಪಟ್ಟೆಯವುಗಳಿಂದ ಶುರು ಮಾಡಿದೆ. ಹೇಳಿ ಮುಗಿಯುವಷ್ಟರಲ್ಲಿ ಮೊರದಲ್ಲಿದ್ದ ಅವರೆಕಾಯಿ ಪೂರ್ತಿ ಸುಲಿದಾಗಿತ್ತು.